ಡೀಸೆಲ್ ಹೊಗೆಯ ಮಾಪನ: ಯಂತ್ರ ಕಾಣುವುದೆಷ್ಟು, ಕಾಣದಿರುವುದೆಷ್ಟು

ಸರಕು ಸಾಗಣೆಗೆ ಸ್ವಂತ ಟೆಂಪೊ ಅಥವಾ ಲಾರಿ ಇರಿಸಿಕೊಂಡಿರುವ ವರ್ತಕರಿಗೆ ಎಮಿಷನ್ ಟೆಸ್ಟ್ ಹೊಸದಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 115ನೇ ನಿಯಮದನ್ವಯ, ನೋಂದಣಿಯಾಗಿ ಒಂದು ವರ್ಷ ಕಳೆದ ಪೆಟ್ರೋಲ್, ಡೀಸೆಲ್ ವಾಹನಗಳು ಮಾಲಿನ್ಯ ತಪಾಸಣೆಯ ಪ್ರಮಾಣಪತ್ರ ಹೊಂದಿರುವುದು ಕಡ್ಡಾಯ. ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಹೊಗೆಯ ಮಿತಿ ಮೀರಿದರೆ 10,000 ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಆದರೆ ಆ ಪ್ರಮಾಣಪತ್ರದಲ್ಲಿ ಮುದ್ರಿತವಾಗುವ ಅಂಕಿಯ ಅರ್ಥವೇನೆಂದು ವಿಚಾರಿಸುವವರು ವಿರಳ.

ಡೀಸೆಲ್ ವಾಹನವನ್ನು ನಿಲ್ಲಿಸಿ, ಎಂಜಿನ್ ಬಿಸಿಯಾದ ನಂತರ ಗೇರ್ ಹಾಕದೆ ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಲಾಗುತ್ತದೆ. ಹೊರಬಂದ ಹೊಗೆ 430 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ತುಂಬುತ್ತದೆ. ಒಂದು ತುದಿಯಿಂದ ಬಿಟ್ಟ ಬೆಳಕಿನಲ್ಲಿ ಶೇಕಡ 65ರಷ್ಟು ತಡೆಯಲ್ಪಟ್ಟರೆ ಅದು 65 ಹಾರ್ಟ್‌ರಿಜ್ ಘಟಕ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ವಾಹನಗಳಿಗೆ ಇದೇ ಮಿತಿ. ಸ್ಟೇಜ್ 4ರ ವಾಹನಗಳಿಗೆ 50. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಇಂಜೆಕ್ಟರ್ ಸರಿಯಾಗಿ ಸಿಂಪಡಿಸದಿದ್ದರೆ ಅಂಕಿ ಏರುತ್ತದೆ. ಉರಿಯದೆ ಹೊರಬೀಳುವ ಆ ಮಸಿ ಮಾಲೀಕನು ಹಣ ತೆತ್ತು ತುಂಬಿಸಿದ ಇಂಧನವೇ.

ಈ ವಿಧಾನವು ಕಣ್ಣಿಗೆ ಕಾಣುವ ಕಪ್ಪು ಹೊಗೆಗೆ ತಕ್ಕುದು. ಆಧುನಿಕ ಎಂಜಿನ್‌ನ ಮಸಿಕಣಗಳಾದರೋ ಬಹುಪಾಲು 100 ನ್ಯಾನೊಮೀಟರ್ ಆಸುಪಾಸಿನವು, ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಾಲು ಚಿಕ್ಕವು. ಶ್ವಾಸಕೋಶದ ಆಳಕ್ಕೆ ಇಳಿಯುವ ಇವುಗಳನ್ನು ಹೊಗೆಮಾಪಕ ಸರಿಯಾಗಿ ಗುರುತಿಸಲಾರದು. ಆದ್ದರಿಂದಲೇ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸ್ಟೇಜ್ 6ರಲ್ಲಿ ಡೀಸೆಲ್ ಕಾರಿಗೆ ಕಣಗಳ ತೂಕದ ಮಿತಿಯನ್ನು ಕಿಲೋಮೀಟರಿಗೆ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಸಿದ್ದಲ್ಲದೆ, ಕಣಗಳ ಸಂಖ್ಯೆಗೂ ಮಿತಿ ವಿಧಿಸಲಾಯಿತು. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ಪ್ರಯೋಗಾಲಯದಲ್ಲಷ್ಟೇ ಅಲ್ಲದೆ, ವಾಹನದ ಮೇಲೆಯೇ ಮಾಪಕ ಕಟ್ಟಿ ರಸ್ತೆಯಲ್ಲಿ ಓಡಿಸಿಯೂ ಪರೀಕ್ಷಿಸಬೇಕಾಗಿದೆ.

ವರ್ತಕರು ಎಚ್ಚರ ವಹಿಸಬೇಕಾದ ಅಂಶ ಇಲ್ಲಿದೆ. ಸ್ಟೇಜ್ 6ರ ಡೀಸೆಲ್ ವಾಹನದ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಪೇಟೆಯ ಬೀದಿಗಳಲ್ಲಿ ನಿಂತು ನಿಂತು ಸಾಗುವ ಗಾಡಿಯಲ್ಲಿ ಅಷ್ಟು ಶಾಖ ಹುಟ್ಟುವುದು ಕಷ್ಟ. ಫಿಲ್ಟರ್ ಕಟ್ಟಿಕೊಂಡು ಎಳೆತ ಕುಗ್ಗುತ್ತದೆ. ಎಚ್ಚರಿಕೆಯ ದೀಪ ಹೊತ್ತಿದೊಡನೆ ತಯಾರಕರ ಕೈಪಿಡಿಯಂತೆ ಹೆದ್ದಾರಿಯಲ್ಲಿ ಕೊಂಚ ಹೊತ್ತು ಓಡಿಸುವುದು ಅಗ್ಗದ ಪರಿಹಾರ. ಅದನ್ನು ಬಿಟ್ಟು ಫಿಲ್ಟರನ್ನೇ ಕಿತ್ತು ಹಾಕಿಸುವುದು ಮೋಟಾರು ವಾಹನಗಳ ಕಾಯಿದೆಯ 52ನೇ ಪ್ರಕರಣಕ್ಕೆ ವಿರುದ್ಧ. ಹಾಗೆ ಕಿತ್ತ ಗಾಡಿಯೂ ಬೆಳಕಿನ ಮಾಪಕದಲ್ಲಿ ತೇರ್ಗಡೆಯಾಗಬಹುದೆಂಬುದು ನಿಜ. ಯೂರೋಪಿನಲ್ಲಿ ಈ ಲೋಪವನ್ನು ಮನಗಂಡೇ ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ನಿಯತಕಾಲಿಕ ತಪಾಸಣೆಗೆ ಕಣ ಎಣಿಸುವ ಯಂತ್ರವನ್ನು ತಂದವು. ಜರ್ಮನಿಯ ಮಿತಿ ಘನ ಸೆಂಟಿಮೀಟರಿಗೆ 2,50,000 ಕಣ. ಫಿಲ್ಟರ್ ಒಡೆದಿದ್ದರೆ ಎಂಜಿನ್ ಸುಮ್ಮನೆ ತಿರುಗುತ್ತಿರುವಾಗಲೇ ಯಂತ್ರ ಅದನ್ನು ಪತ್ತೆಹಚ್ಚುತ್ತದೆ.