ಬ್ಯಾಂಕು ನಮ್ಮ ಗುರುತು ಕೇಳುವುದೇಕೆ?

“ಮೂವತ್ತು ವರ್ಷಗಳಿಂದ ಇದೇ ಬ್ಯಾಂಕಿನಲ್ಲಿ ಖಾತೆ ಇದೆ. ಈಗ ಪುನಃ ಆಧಾರ್, ಪ್ಯಾನ್, ಫೋಟೊ ಯಾಕೆ?” ಭಾನುವಾರದ ಬಲಿಪೂಜೆಯ ನಂತರ ಚರ್ಚ್ ವಠಾರದಲ್ಲಿ ಹಿರಿಯರು ಆಗಾಗ ಕೇಳುವ ಪ್ರಶ್ನೆಯಿದು. ಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು, ಊರಲ್ಲಿ ಒಬ್ಬರೇ ಇರುವ ವೃದ್ಧರಿಗೆ ಇದೊಂದು ದೊಡ್ಡ ಕಿರಿಕಿರಿ. ಆದರೆ ಬ್ಯಾಂಕಿನವರು ಇದನ್ನು ತಮ್ಮ ಇಷ್ಟಕ್ಕೆ ಕೇಳುವುದಲ್ಲ, ಕಾನೂನಿನಂತೆ ಕೇಳಲೇಬೇಕು. ಇದಕ್ಕೆ ಕೆವೈಸಿ, ಅಂದರೆ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂದು ಹೆಸರು.

ಹಿನ್ನೆಲೆ

ಮಾದಕ ದ್ರವ್ಯ, ಲಂಚ, ವಂಚನೆಯಿಂದ ಹಣ ಮಾಡಿದವನಿಗೆ ಅದನ್ನು ಬಹಿರಂಗವಾಗಿ ಬಳಸುವುದು ಕಷ್ಟ. ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಆತ ಅದನ್ನು ಬೇರೆಯವರ ಹೆಸರಿನ ಖಾತೆಗಳಿಗೆ ಹಾಕಿ, ಅಲ್ಲಿಂದ ಹತ್ತಾರು ಕಡೆ ಸಾಗಿಸಿ, ಕೊನೆಗೆ ಜಮೀನು ಅಥವಾ ಚಿನ್ನವಾಗಿ ಮಾಡಿಕೊಳ್ಳುತ್ತಾನೆ. ಸುಳ್ಳು ಹೆಸರಿನಲ್ಲಿ ಖಾತೆ ತೆರೆಯಲು ಸಾಧ್ಯವಾದರೆ ಪೊಲೀಸರಿಗೆ ಸುಳಿವೇ ಸಿಗದು.

ಇದನ್ನು ತಡೆಯಲು ರಿಸರ್ವ್ ಬ್ಯಾಂಕ್ 2002ರಲ್ಲಿ ಬ್ಯಾಂಕುಗಳಿಗೆ ಕೆವೈಸಿ ಸೂಚನೆ ನೀಡಿತು. ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆ 2005ರ ಜುಲೈ 1ರಂದು ಜಾರಿಗೆ ಬಂತು. ವಿಮಾ ಕಂಪೆನಿ, ಮ್ಯೂಚುವಲ್ ಫಂಡ್, ಶೇರು ದಲ್ಲಾಳಿಗಳು ಹಾಗೂ ದೊಡ್ಡ ಮೊತ್ತದ ನಗದು ವ್ಯವಹಾರ ಮಾಡುವ ಚಿನ್ನದ ವ್ಯಾಪಾರಿಗಳೂ ಇದಕ್ಕೆ ಒಳಪಡುತ್ತಾರೆ.

ಬ್ಯಾಂಕು ನೋಡುವುದೇನು?

ಮೊದಲನೆಯದಾಗಿ ನಾವು ಯಾರು, ಎಲ್ಲಿದ್ದೇವೆ ಎಂಬುದು. ಎರಡನೆಯದಾಗಿ ಉದ್ಯೋಗ, ಆದಾಯ. ಮೂರನೆಯದಾಗಿ ಖಾತೆಯ ವ್ಯವಹಾರ ಇವುಗಳಿಗೆ ಹೊಂದುತ್ತದೆಯೇ ಎಂಬುದು. ಕಾಲೇಜು ವಿದ್ಯಾರ್ಥಿಯ ಖಾತೆಗೆ ಲಕ್ಷಗಟ್ಟಲೆ ಹಣ ಬಂದು ಅದೇ ದಿನ ಖಾಲಿಯಾದರೆ ಸಂಶಯ ಸಹಜ. 10 ಲಕ್ಷ ರೂಪಾಯಿಗಿಂತ ಹೆಚ್ಚಿನ ನಗದು ವ್ಯವಹಾರವನ್ನೂ, ಮೊತ್ತ ಎಷ್ಟೇ ಇರಲಿ, ಸಂಶಯಾಸ್ಪದ ವ್ಯವಹಾರವನ್ನೂ ಬ್ಯಾಂಕು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಹಾಗೆ ತಿಳಿಸಿದ ಮಾತ್ರಕ್ಕೆ ಗ್ರಾಹಕ ತಪ್ಪಿತಸ್ಥನಾಗುವುದಿಲ್ಲ.

ಯುವಜನರ ಗಮನಕ್ಕೆ

ದಾಖಲೆ ಪರಿಶೀಲನೆ ಬಿಗಿಯಾದಂತೆ ವಂಚಕರು ನಿಜವಾದ ಹೆಸರುಗಳನ್ನೇ ಹುಡುಕತೊಡಗಿದ್ದಾರೆ. “ನಿನ್ನ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ” ಎಂದು ಕೆಲಸವಿಲ್ಲದ ಯುವಕರಿಗೆ ಆಸೆ ತೋರಿಸುತ್ತಾರೆ. ಯಾರೋ ವೃದ್ಧರಿಂದ ದೋಚಿದ ಹಣ ಆ ಖಾತೆಯ ಮೂಲಕ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರನ ಮನೆಗೆ. ಗೆಳೆತನಕ್ಕಾಗಲಿ ಹಣಕ್ಕಾಗಲಿ ಖಾತೆಯನ್ನು ಯಾರಿಗೂ ಕೊಡಬಾರದು.

ಚರ್ಚ್ ಮತ್ತು ಸಂಘಟನೆಗಳು

ಧರ್ಮಗುರುಗಳ ವರ್ಗಾವಣೆಯಾದಾಗ, ಪಾಲನಾ ಮಂಡಳಿ ಅಥವಾ ಸಂಘಗಳ ಪದಾಧಿಕಾರಿಗಳು ಬದಲಾದಾಗ ನಿರ್ಣಯದ ಪ್ರತಿ ಹಾಗೂ ಹೊಸ ಸಹಿದಾರರ ದಾಖಲೆಗಳನ್ನು ತಡಮಾಡದೆ ಬ್ಯಾಂಕಿಗೆ ಕೊಡಬೇಕು. ವಿದೇಶಿ ದೇಣಿಗೆಯನ್ನು ಸಾಮಾನ್ಯ ಖಾತೆಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಪ್ರಕಾರ ಎಫ್‌ಸಿಆರ್‌ಎ ನೋಂದಣಿಯಿರುವ ಸಂಸ್ಥೆಯೂ ಅದನ್ನು ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು.

ನೆನಪಿಡಬೇಕಾದ ಅಂಶಗಳು

ಕೆವೈಸಿ ನವೀಕರಣದ ಅವಧಿ ಗ್ರಾಹಕರ ವರ್ಗಕ್ಕನುಸಾರ 2, 8 ಅಥವಾ 10 ವರ್ಷ. ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೆ ಸ್ವಯಂ ಘೋಷಣೆ ಸಾಕು. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಅಥವಾ ಇಮೇಲ್ ಮೂಲಕವೂ ಇದನ್ನು ಸಲ್ಲಿಸಬಹುದು. ಉದ್ಯೋಗಕ್ಕಾಗಿ ಗಲ್ಫಿಗೆ ಹೋದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು.

“ಕೆವೈಸಿ ಮಾಡದಿದ್ದರೆ ಇಂದೇ ಖಾತೆ ಬಂದ್” ಎಂದು ಕರೆ ಬಂದರೆ ಹೆದರಬೇಡಿ. ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ನೇರವಾಗಿ ಶಾಖೆಗೆ ಹೋಗಿ ವಿಚಾರಿಸಿ. ಹಣ ಕಳೆದುಕೊಂಡಲ್ಲಿ ಕೂಡಲೇ 1930ಕ್ಕೆ ಕರೆ ಮಾಡಿ.

ವಾಳೆಯ ಗುರಿಕಾರರು ಮನೆ ಭೇಟಿಯ ವೇಳೆ ಒಂಟಿ ಹಿರಿಯರಿಗೆ ಇಷ್ಟು ವಿಷಯ ತಿಳಿಸಿ, ಅಗತ್ಯವಿದ್ದವರನ್ನು ಒಂದು ದಿನ ಬ್ಯಾಂಕಿಗೆ ಕರೆದುಕೊಂಡು ಹೋದರೆ ಅದೊಂದು ದೊಡ್ಡ ಉಪಕಾರವಾದೀತು.