ಹುಲ್ಲು ಕತ್ತರಿಸುವ ಸವಾರಿ ಯಂತ್ರ: ಕೊಳ್ಳುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಪರದೇಶದಲ್ಲಿ ನೆಲಸಿರುವ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬರುವ ಯೋಗವು ಈಗ ನಮ್ಮ ನಾಡಿನ ಅನೇಕ ಗೃಹಸ್ಥರಿಗೆ ಒದಗುತ್ತಿರುವುದಷ್ಟೆ. ನಮಗೂ ಅದು 2023ನೆಯ ಇಸವಿಯ ಬೇಸಗೆಯಲ್ಲಿ ಒದಗಿತು. ಅಮೆರಿಕದ ಒಹೈಯೋ ಸಂಸ್ಥಾನದಲ್ಲಿ ಒಂದು ಪಟ್ಟಣದ ಹೊರವಲಯದಲ್ಲಿ ನಮ್ಮ ಮಗನು ಮನೆಮಾಡಿಕೊಂಡಿದ್ದಾನೆ. ನಿವೇಶನವು ಎರಡು ಎಕರೆ. ಮನೆ, ಮೋಟಾರಿನ ಕೊಟ್ಟಿಗೆ, ಮರಗಳ ತೋಪು ಇವನ್ನು ಕಳೆದರೆ ಉಳಿದ ಒಂದೂವರೆ ಎಕರೆಯೆಲ್ಲವೂ ಹುಲ್ಲು. ನಮ್ಮ ಲೆಕ್ಕದಲ್ಲಿ 60 ಗುಂಟೆ. ಅಷ್ಟು ನೆಲವಿದ್ದರೆ ನಮ್ಮ ಹಿರಿಯರು ರಾಗಿಯನ್ನು ಬಿತ್ತುತ್ತಿದ್ದರು. ಅಲ್ಲಿಯಾದರೋ ಆ ಹುಲ್ಲು ಒಂದು ಹಸುವಿನ ಬಾಯಿಗೂ ಬೀಳುವುದಿಲ್ಲ. ಆದರೂ ಬೇಸಗೆಯುದ್ದಕ್ಕೂ ವಾರವಾರ ಅದನ್ನು ಕತ್ತರಿಸುತ್ತಲೇ ಇರಬೇಕು. ಗೊತ್ತುಮಾಡಿದ ಎತ್ತರವನ್ನು ಮೀರಿ ಬೆಳೆಯಬಿಟ್ಟರೆ ಅಲ್ಲಿನ ಅನೇಕ ಊರುಗಳಲ್ಲಿ ಪುರಸಭೆಯಿಂದ ನೋಟೀಸು ಬರುವುದು.

ಇದಕ್ಕಾಗಿ ಅಲ್ಲಿಯ ಗೃಹಸ್ಥರು ಚಿಕ್ಕ ಟ್ರಾಕ್ಟರಿನಂತಿರುವ ಯಂತ್ರದ ಮೇಲೆ ಕುಳಿತು ಸವಾರಿಮಾಡುತ್ತ ಹುಲ್ಲನ್ನು ಸವರುತ್ತಾರೆ. ಹುಲ್ಲು ಸವರುವ ಯಂತ್ರವು ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಸ್ಟ್ರೌಡ್ ಎಂಬ ಊರಿನ ಬಳಿ ಇದ್ದ ಎಡ್ವಿನ್ ಬಡ್ಡಿಂಗ್ ಎಂಬ ಕುಶಲನು, ಉಣ್ಣೆಬಟ್ಟೆಯ ಮೇಲಣ ನವಿರನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು, ಅದೇ ಉಪಾಯದಿಂದ ಹುಲ್ಲನ್ನೂ ಕತ್ತರಿಸಬಹುದೆಂದು ಊಹಿಸಿ 1830ರಲ್ಲಿ ಸನ್ನದು ಪಡೆದನು. 1902ರಲ್ಲಿ ರ್‍ಯಾನ್ಸಮ್ಸ್ ಸಂಸ್ಥೆಯವರು ಅದಕ್ಕೆ ಪೆಟ್ರೋಲಿನ ಎಂಜಿನನ್ನು ಜೋಡಿಸಿ ಮಾರಿದರು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಪಟ್ಟಣಗಳು ಹೊರಕ್ಕೆ ಹರಡಿಕೊಂಡು ಮನೆಗಳ ಅಂಗಳಗಳು ದೊಡ್ಡವಾದವು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಕಬ್ ಕ್ಯಾಡೆಟ್ ಯಂತ್ರವೂ, 1963ರಲ್ಲಿ ಜಾನ್ ಡೀರ್ ಸಂಸ್ಥೆಯ 110ನೆಯ ಮಾದರಿಯೂ ಪೇಟೆಗೆ ಬಂದವು. ಹೀಗೆ ಹೊಲದ ಟ್ರಾಕ್ಟರು ಮನೆಯಂಗಳಕ್ಕೆ ಇಳಿಯಿತು.

ನಮ್ಮ ಮಗನು 2022ರಲ್ಲಿ ಅಗ್ಗವಾಗಿ ಸಿಕ್ಕಿತೆಂದು ಒಬ್ಬರು ಬಳಸಿ ಬಿಟ್ಟ ಯಂತ್ರವೊಂದನ್ನು ಕೊಂಡಿದ್ದನು. ಬಣ್ಣವು ಹೊಸತರಂತೆ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೊಡನೆ ಎಂಜಿನು ಗರ್ಜಿಸುತ್ತಿತ್ತು. ಇಷ್ಟನ್ನು ನೋಡಿಯೇ ಅವನು ಹಣಕೊಟ್ಟನು. ನಾವು ಹೋದ ಮರುತಿಂಗಳು, ಒಂದು ಶನಿವಾರ, ಅವನು ಮನೆಯ ಹಿಂದೆ ಹುಲ್ಲು ಕತ್ತರಿಸುತ್ತ, ಒಂದು ಮರದ ಮೂಲೆಯಿಂದ ಯಂತ್ರವನ್ನು ಹಿಂದಕ್ಕೆ ತೆಗೆಯುತ್ತಿದ್ದನು. ನಾಲ್ಕು ವರ್ಷದ ನಮ್ಮ ಮೊಮ್ಮಗಳು ತಂದೆಗೆ ಏನನ್ನೋ ತೋರಿಸಬೇಕೆಂದು ಬೆನ್ನ ಕಡೆಯಿಂದ ಓಡಿಬಂದಳು. ಎಂಜಿನಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ನಾವು ಜಗುಲಿಯಿಂದ ಕೈ ಬೀಸಿ ಕೂಗಿದೆವು. ಅವನು ಹಿಂದಿರುಗಿ ನೋಡಿ ಹೌಹಾರಿ ಪೀಠದಿಂದ ಕೆಳಕ್ಕೆ ಹಾರಿ ಮಗುವನ್ನು ಎತ್ತಿಕೊಂಡನು. ಮಗುವಿಗೆ ಏನೂ ಆಗಲಿಲ್ಲ. ಆದರೆ ಸವಾರನು ಪೀಠದಿಂದ ಎದ್ದೊಡನೆ ತಾನೇ ನಿಲ್ಲಬೇಕಾಗಿದ್ದ ಎಂಜಿನು ನಿಲ್ಲಲಿಲ್ಲ. ಅಡಿಯಲ್ಲಿ ಅಲಗುಗಳು ತಿರುಗುತ್ತಲೇ ಇದ್ದುವು. ಬಳಿಕ ಪೀಠವನ್ನೆತ್ತಿ ನೋಡಲಾಗಿ, ಅದರ ಕೆಳಗಿನ ರಕ್ಷಣೆಯ ಸ್ವಿಚ್ಚಿನ ತಂತಿಗಳೆರಡನ್ನೂ ಹಿಂದಿನ ಯಜಮಾನನು ಒಂದಕ್ಕೊಂದು ಹೆಣೆದುಬಿಟ್ಟಿದ್ದುದು ಕಂಡಿತು. ಸ್ವಿಚ್ಚು ಕೆಟ್ಟುದನ್ನು ಸರಿಮಾಡಿಸುವ ಬದಲು ಅದನ್ನೇ ಇಲ್ಲವಾಗಿಸಿದ್ದನು.

ಅದೇ ತಿಂಗಳಿನಲ್ಲಿ ಯಂತ್ರದ ಇನ್ನೊಂದು ದೋಷವೂ ಹೊರಬಿದ್ದಿತು. ಅರ್ಧ ಗಂಟೆ ಓಡಿದ ಮೇಲೆ ಇಳಿಜಾರನ್ನು ಏರಲಾರದೆ ಅದು ನಿಂತುಬಿಡುತ್ತಿತ್ತು. ರಿಪೇರಿಗೆ ಮೂರು ವಾರ ಕಾಯಬೇಕೆಂದರು. ಹೇಳಿದ ವೆಚ್ಚವು ಕೊಂಡ ಬೆಲೆಗೆ ಹತ್ತಿರವಾಗಿದ್ದಿತು. ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದು ನೋಟೀಸೂ ಬಂದಿತು. ಹೀಗಿರಲು ಹೊಸ ಯಂತ್ರವನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ನಮಗೆ ಯಂತ್ರಶಾಸ್ತ್ರವು ತಿಳಿಯದು. ಆದರೆ ಎತ್ತು ಕೊಳ್ಳುವಾಗ ನಮ್ಮ ತಾತನವರು ಹಲ್ಲು, ಗೊರಸು, ಸುಳಿ, ನಡಿಗೆ ಇವನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದುದನ್ನು ಕಂಡಿದ್ದೆವು. ಆ ಕ್ರಮವನ್ನೇ ಹಿಡಿದು ಪ್ರಶ್ನೆಗಳ ಪಟ್ಟಿಯೊಂದನ್ನು ಬರೆದುಕೊಂಡು ನಾಲ್ಕು ಅಂಗಡಿಗಳನ್ನು ಸುತ್ತಿದೆವು. ಅಲ್ಲಿ ತಿಳಿದ ಸಂಗತಿಗಳು ಇಂತಹ ಕೊಳ್ಳುವಿಕೆಗೆ ಹೊರಟ ಇತರರಿಗೂ ಉಪಯೋಗವಾದಾವೆಂದು ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದಾಗಿ ನೆಲವನ್ನು ಅಳೆಯತಕ್ಕದ್ದು. ಕೈಯಿಂದ ತಳ್ಳಿಕೊಂಡು ಹೋಗುವ 21 ಅಂಗುಲ ಅಗಲದ ಯಂತ್ರದೊಡನೆ ಗಂಟೆಗೆ ಮೂರು ಮೈಲಿಯಂತೆ ನಡೆದರೆ ಲೆಕ್ಕಕ್ಕೆ 25 ಗುಂಟೆ ಕತ್ತರಿಸಬಹುದು. ತಿರುವುಗಳಿಗೂ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ತುಸು ಹಾಯುವುದಕ್ಕೂ ಐದನೆಯ ಒಂದು ಪಾಲನ್ನು ಕಳೆದರೆ 20 ಗುಂಟೆ ನಿಲ್ಲುವುದು. 42 ಅಂಗುಲದ ಸವಾರಿ ಯಂತ್ರವು ಗಂಟೆಗೆ ನಾಲ್ಕು ಮೈಲಿಯಂತೆ ಓಡಿದರೆ ಇದೇ ಲೆಕ್ಕದಲ್ಲಿ ಸುಮಾರು 54 ಗುಂಟೆ. ಎಂದರೆ ನಮ್ಮ ಮಗನ ಅಂಗಳಕ್ಕೆ ಒಂದರಿಂದ ಮೂರು ಗಂಟೆ, ಇನ್ನೊಂದರಿಂದ ಒಂದು ಗಂಟೆಗೆ ತುಸು ಹೆಚ್ಚು. ಹತ್ತಿಪ್ಪತ್ತು ಗುಂಟೆಯೊಳಗಿನ ಅಂಗಳವುಳ್ಳವರು ಸವಾರಿಯ ಆಸೆಯನ್ನು ಬಿಟ್ಟು ತಳ್ಳುವ ಯಂತ್ರವನ್ನೇ ಕೊಳ್ಳುವುದು ಲೇಸು. ನಮ್ಮ ಬೆಂಗಳೂರು ಮೈಸೂರುಗಳ ಮನೆಯಂಗಳಗಳಿಗಂತೂ ಅದೇ ಧಾರಾಳವಾದೀತು.

ಬೇಲಿಯ ಬಾಗಿಲನ್ನೂ ಅಳೆಯಲು ಮರೆಯಬಾರದು. 42 ಅಂಗುಲವೆಂಬುದು ಕತ್ತರಿಸುವ ಅಗಲವೇ ಹೊರತು ಯಂತ್ರದ ಒಟ್ಟು ಅಗಲವಲ್ಲ. ಹುಲ್ಲನ್ನು ಹೊರಚೆಲ್ಲುವ ಬಾಯಿಯ ಮರೆಯು ಪಕ್ಕಕ್ಕೆ ಚಾಚಿಕೊಂಡಿರುವುದರಿಂದ, ನಾಲ್ಕು ಅಡಿಯ ಬಾಗಿಲಲ್ಲಿಯೂ ಅಂತಹ ಯಂತ್ರವು ಸಿಕ್ಕಿಕೊಳ್ಳುವುದುಂಟು. ಆ ಮರೆಯನ್ನು ಕಿತ್ತುಹಾಕುವುದು ಸಲ್ಲದು. ಅಲಗಿಗೆ ತಾಗಿದ ಕಲ್ಲು ಗುಂಡಿನಂತೆ ಹಾರುವಾಗ ಅದನ್ನು ತಡೆಯುವುದು ಅದೇ.

ಎರಡನೆಯದಾಗಿ ಇಳಿಜಾರು. ಸವಾರಿ ಯಂತ್ರವು 15 ಡಿಗ್ರಿಗೆ ಮೀರಿದ ಇಳಿಜಾರಿನಲ್ಲಿ ಹೋಗಬಾರದೆಂಬುದು ಸಾಮಾನ್ಯ ನಿಯಮ. ಹತ್ತು ಅಡಿ ನಡೆಯುವಷ್ಟರಲ್ಲಿ ನೆಲವು ಎರಡೂವರೆ ಅಡಿ ಏರಿದರೆ ಆ ಮಿತಿಯು ಸಮೀಪಿಸಿತೆಂದು ತಿಳಿಯತಕ್ಕದ್ದು. ಅದಕ್ಕಿಂತ ಕಡಿಮೆಯಾದ ಇಳಿಜಾರಿನಲ್ಲಿಯೂ ಸವಾರನು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೇರವಾಗಿ ಓಡಿಸಬೇಕು. ಅಡ್ಡಲಾಗಿ ಹೋದರೆ ಯಂತ್ರವು ಮಗುಚಿಕೊಂಡೀತು. ತಳ್ಳುವ ಯಂತ್ರಕ್ಕೆ ನಿಯಮವು ಇದರ ವಿಪರ್ಯಾಸ: ಕಾಲು ಜಾರಿದರೆ ಪಾದವು ಅಲಗಿನ ಕೆಳಗೆ ಸಿಕ್ಕದಂತೆ ಅಡ್ಡಲಾಗಿಯೇ ನಡೆಯಬೇಕು. ನಮ್ಮ ಮಗನ ಹಿತ್ತಲಿನ ತುದಿಯಲ್ಲಿ ಹಳ್ಳದ ಕಡೆಗೆ ಕಡಿದಾದ ಹತ್ತು ಗುಂಟೆಯಷ್ಟು ನೆಲವಿತ್ತು. ಅಲ್ಲಿ ಯಂತ್ರವನ್ನು ಓಡಿಸುವ ಬದಲು ಮರಗಳನ್ನು ನೆಟ್ಟುಬಿಡೆಂದು ಹೇಳಿದೆವು. ಅವನು ಹಾಗೆಯೇ ಮಾಡಿದನು.

ಮೂರನೆಯದಾಗಿ ಯಂತ್ರದ ಜಾತಿ. ಸವಾರಿ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮುಂದೆ ಎಂಜಿನು, ಕೈಯಲ್ಲಿ ಚಕ್ರ, ನಡುವೆ ಅಲಗುಗಳ ತಟ್ಟೆ ಇರುವುದು ಟ್ರಾಕ್ಟರಿನ ಬಗೆ. ಚಕ್ರವಿಲ್ಲದೆ ಎರಡು ಸನ್ನೆಗೋಲುಗಳಿಂದ ನಡೆಯುವುದು ಝೀರೋ-ಟರ್ನ್ ಎಂಬ ಬಗೆ. ಇದರ ಹಿಂದಿನ ಗಾಲಿಗಳೆರಡೂ ಬೇರೆಬೇರೆಯಾಗಿ ಚಲಿಸುವುದರಿಂದ ಯಂತ್ರವು ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು. ಸಮನೆಲದಲ್ಲಿ ಮರಗಿಡಗಳು ಹೆಚ್ಚಾಗಿದ್ದರೆ ಇದು ಕಾಲವನ್ನು ಬಹಳವಾಗಿ ಉಳಿಸುವುದು. ಆದರೆ ಮುಂದಿನ ಗಾಲಿಗಳ ಮೇಲೆ ಸವಾರನಿಗೆ ಹಿಡಿತವಿಲ್ಲ. ಒದ್ದೆಯಾದ ಇಳಿಜಾರಿನಲ್ಲಿ ಹಿಂದಿನ ಗಾಲಿಗಳು ಜಾರಿದುವೆಂದರೆ ದಾರಿಯನ್ನು ತಿದ್ದುವ ಉಪಾಯವೇ ಇಲ್ಲ. ಹಿತ್ತಲು ಇಳಿಜಾರಾದುದರಿಂದ ನಾವು ಟ್ರಾಕ್ಟರಿನ ಬಗೆಯನ್ನೇ ಆರಿಸಿದೆವು.

ಬ್ಯಾಟರಿಯಿಂದ ಓಡುವ ಯಂತ್ರಗಳೂ ಈಗ ಉಂಟು. ಕ್ಯಾಲಿಫೋರ್ನಿಯ ಸಂಸ್ಥಾನವು ಇಂತಹ ಚಿಕ್ಕ ಪೆಟ್ರೋಲ್ ಎಂಜಿನುಗಳ ಹೊಸ ಮಾರಾಟಕ್ಕೆ 2024ನೆಯ ವರ್ಷದ ಮಾದರಿಗಳಿಂದ ಮೊದಲ್ಗೊಂಡು ತಡೆ ಹಾಕಿದೆ. ಸದ್ದು ಕಡಿಮೆ, ಹೊಗೆಯಿಲ್ಲ, ಎಣ್ಣೆ ಬದಲಾಯಿಸುವ ಗೊಡವೆಯಿಲ್ಲ. ಕೊಳ್ಳುವವರು ತಮ್ಮ ನೆಲಕ್ಕಿಂತ ಹೆಚ್ಚಿನ ಅಳತೆಗೆ ಸಾಕಾಗುವುದನ್ನೇ ಆರಿಸಬೇಕು. ಮುಂದೆ ಬ್ಯಾಟರಿಯನ್ನು ಬದಲಾಯಿಸುವ ವೆಚ್ಚವನ್ನೂ ಮೊದಲೇ ಕೇಳಿಕೊಳ್ಳಬೇಕು.

ನಾಲ್ಕನೆಯದಾಗಿ ಅಂಗಾಂಗಗಳು. ಅಂಗಡಿಯವರು ಎಂಜಿನಿನ ಅಶ್ವಶಕ್ತಿಯನ್ನು ಮೊದಲು ಹೊಗಳುವರು. ನಾವು ಎಂಜಿನಿಗೆ ಎಣ್ಣೆಯ ಶೋಧಕವಿದೆಯೇ ಎಂದು ಕೇಳಿದೆವು. ಶೋಧಿಸಿದ ಎಣ್ಣೆಯು ಒತ್ತಡದಿಂದ ಹರಿಯುವ ಎಂಜಿನು ಬಾಳಿಕೆ ಬರುವುದು. ಗಾಲಿಗಳಿಗೆ ಶಕ್ತಿಯನ್ನು ಮುಟ್ಟಿಸುವ ಪೆಟ್ಟಿಗೆಯು ಎಣ್ಣೆಯ ಒತ್ತಡದಿಂದ ನಡೆಯುವುದು. ಅಗ್ಗದ ಯಂತ್ರಗಳಲ್ಲಿ ಇದು ಚಿಕ್ಕದು. ಎಣ್ಣೆಯನ್ನು ಸುಲಭವಾಗಿ ಬದಲಾಯಿಸಲಾಗದಂತೆ ಮುಚ್ಚಿರುವುದು. ಇಳಿಜಾರಿನಲ್ಲಿ ಕಾದು ಎಣ್ಣೆ ತೆಳುವಾದರೆ ಯಂತ್ರವು ನಿತ್ರಾಣವಾಗುವುದು. ಹಳೆಯ ಯಂತ್ರಕ್ಕೆ ಬಂದಿದ್ದ ರೋಗವು ಇದೇ. ಅಲಗುಗಳ ಮೇಲಿನ ಉಕ್ಕಿನ ತಟ್ಟೆಯ ದಪ್ಪವನ್ನು ಗೇಜಿನಿಂದ ಹೇಳುತ್ತಾರೆ. ಅಂಕೆ ಚಿಕ್ಕದಾದಷ್ಟೂ ತಗಡು ದಪ್ಪ. 13 ಗೇಜಿನದು ಸುಮಾರು 2.3 ಮಿಲಿಮೀಟರಾದರೆ 10 ಗೇಜಿನದು 3.4 ಮಿಲಿಮೀಟರು.

ಬಣ್ಣಕ್ಕೂ ಹೆಸರಿಗೂ ಮರುಳಾಗಬಾರದು. ಕ್ರಾಫ್ಟ್ಸ್‌ಮನ್, ಟ್ರಾಯ್-ಬಿಲ್ಟ್, ಕಬ್ ಕ್ಯಾಡೆಟ್ ಎಂಬ ಮೂರು ಹೆಸರುಗಳು 2021ರ ಹೊತ್ತಿಗೆ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಎಂಬ ಒಂದೇ ಸಂಸ್ಥೆಯ ಅಧೀನಕ್ಕೆ ಬಂದಿದ್ದುವು. ಮಿಲ್ವಾಕಿಯಲ್ಲಿ 1908ರಲ್ಲಿ ಹುಟ್ಟಿದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯ ಎಂಜಿನುಗಳು ಹಲವು ಬಣ್ಣದ ಯಂತ್ರಗಳ ಹೊಟ್ಟೆಯಲ್ಲಿವೆ.

ಐದನೆಯದಾಗಿ ರಿಪೇರಿ. ನಾಲ್ಕನೆಯ ಅಂಗಡಿಯ ಯಜಮಾನರು ವೃದ್ಧರು. ಯಂತ್ರಗಳನ್ನು ಮಾರುವುದರೊಡನೆ ಹಿಂಬದಿಯ ಕೊಟ್ಟಿಗೆಯಲ್ಲಿ ತಾವೇ ರಿಪೇರಿ ಮಾಡುವವರು. ನಮ್ಮ ಪಟ್ಟಿಯನ್ನು ಓದಿ ನಕ್ಕು ಅವರು ಹೇಳಿದುದೇನೆಂದರೆ: ಯಂತ್ರದ ಬೆಲೆಯನ್ನು ನೀವು ಒಂದು ಸಲ ಕೊಡುವಿರಿ, ಆದರೆ ಅಲಗು, ಬೆಲ್ಟು, ಶೋಧಕಗಳಿಗಾಗಿ ವರ್ಷವರ್ಷವೂ ಬರುವಿರಿ, ಅವು ನನ್ನ ಕಪಾಟಿನಲ್ಲಿ ಇವೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಿ. ಕೇಳಿದೆವು, ತೆರೆದು ತೋರಿಸಿದರು. ಅವರ ಬೆಲೆಯು ದೊಡ್ಡ ಅಂಗಡಿಗಳ ಬೆಲೆಗಿಂತ ಕೆಲವು ನೂರು ಡಾಲರು ಹೆಚ್ಚಾಗಿದ್ದಿತು. ಆದರೆ ಆ ಅಂಗಡಿಗಳಲ್ಲಿ ರಿಪೇರಿ ಮಾಡುವವರೇ ಇರಲಿಲ್ಲ. ಮೇ ತಿಂಗಳಲ್ಲಿ ಮೂರು ವಾರ ಕಾದ ಕಷ್ಟವು ನಮ್ಮ ಮಗನಿಗೆ ಇನ್ನೂ ನೆನಪಿನಲ್ಲಿದ್ದಿತು. ಅಲ್ಲಿಯೇ ಕೊಂಡನು.

ಹಣ ಕೊಡುವುದಕ್ಕೆ ಮೊದಲು ನಾವು ಒಂದು ಪರೀಕ್ಷೆಯನ್ನು ಬೇಡಿದೆವು. ಬಯಲಿನಲ್ಲಿ ಮಗನನ್ನು ಯಂತ್ರದ ಮೇಲೆ ಕೂರಿಸಿ, ಗಾಲಿಗಳನ್ನು ನಿಲ್ಲಿಸಿ, ಅಲಗುಗಳನ್ನು ತಿರುಗಿಸಿ, ಪೀಠದಿಂದ ಮೇಲಕ್ಕೆ ಏಳೆಂದೆವು. ಎದ್ದನು; ಎಂಜಿನು ಕೂಡಲೆ ನಿಂತಿತು. ಹಿಂದಕ್ಕೆ ಓಡಿಸೆಂದೆವು, ಬೇರೊಂದು ಕೀಲಿಯನ್ನು ಬೇಕೆಂದೇ ತಿರುಗಿಸದ ಹೊರತು ಅಲಗುಗಳೊಡನೆ ಅದು ಹಿಂದಕ್ಕೆ ಚಲಿಸಲಿಲ್ಲ. ಯಂತ್ರವು ನಂಬಿಕೆಯದೆಂದರೆ ಕರೆದಾಗ ಹೊರಡುವುದೆಂದು ಲೋಕವು ತಿಳಿಯುತ್ತದೆ. ನಿಲ್ಲಬೇಕಾದ ಕ್ಷಣದಲ್ಲಿ ನಿಲ್ಲುವುದೂ ನಂಬಿಕೆಯ ಲಕ್ಷಣವೇ ಎಂಬುದನ್ನು ಆ ಶನಿವಾರವು ನಮಗೆ ಕಲಿಸಿದ್ದಿತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯವರು 16 ವರ್ಷ ತುಂಬದವರು ಸವಾರಿ ಯಂತ್ರವನ್ನೂ, 12 ತುಂಬದವರು ತಳ್ಳುವ ಯಂತ್ರವನ್ನೂ ನಡೆಸಬಾರದೆಂದೂ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಂದಿಗೂ ಸವಾರಿಮಾಡಬಾರದೆಂದೂ ಹೇಳಿದ್ದಾರೆ. ಮುದ್ದಿಗಾಗಿ ಒಂದು ಸುತ್ತು ತಿರುಗಿಸಿದ ಮಗುವು, ಇನ್ನೊಂದು ದಿನ ಅದೇ ಆಸೆಯಿಂದ ಯಂತ್ರದ ಹಿಂದೆ ಓಡಿಬರುವುದು. ನಮ್ಮ ಮೊಮ್ಮಗಳು ಅಂದು ಓಡಿಬಂದುದಕ್ಕೂ ಹಿಂದೆ ಅಂತಹ ಸುತ್ತುಗಳು ನಡೆದಿದ್ದುವೆಂದು ಸೊಸೆಯು ಆಮೇಲೆ ಕಣ್ಣೊರಸಿಕೊಳ್ಳುತ್ತ ಹೇಳಿದಳು. ಅಂದಿನಿಂದ ಆ ಮನೆಯಲ್ಲಿ ಯಂತ್ರದ ಸದ್ದು ಕೇಳಿದರೆ ಮಗುವು ಒಳಗೆ, ಬಾಗಿಲಿಗೆ ಅಗುಳಿ.

ಇನ್ನು ಪಾಲನೆ. ಪ್ರತಿ ಸಲವೂ ಎಣ್ಣೆಯ ಮಟ್ಟವನ್ನು ನೋಡುವುದು, ವರ್ಷಕ್ಕೊಮ್ಮೆಯಾದರೂ ಎಣ್ಣೆಯನ್ನು ಬದಲಾಯಿಸುವುದು, ಅಲಗುಗಳನ್ನು ಸಾಣೆ ಹಿಡಿಸುವುದು, ಕೀಲಿಯನ್ನು ತೆಗೆದಿಟ್ಟ ಬಳಿಕವೇ ಅಡಿಗೆ ಕೈ ಹಾಕುವುದು, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎಥನಾಲ್ ಬೆರೆತ ಪೆಟ್ರೋಲನ್ನು ಹಾಕದಿರುವುದು, ಹಿಮಕಾಲದಲ್ಲಿ ಹಳೆಯ ಪೆಟ್ರೋಲು ಕೆಟ್ಟು ನಾಳಗಳಲ್ಲಿ ಅಂಟಾಗದಂತೆ ಅದಕ್ಕೆ ತಕ್ಕ ಔಷಧವನ್ನು ಬೆರೆಸಿಡುವುದು: ಇವಿಷ್ಟು ಸಾಕು. ಹುಲ್ಲಿನ ಎತ್ತರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಂದೇ ಸಲ ಕತ್ತರಿಸಬಾರದು. ಕತ್ತರಿಸಿದುದನ್ನು ಅಲ್ಲಿಯೇ ಬಿಟ್ಟರೆ ನೆಲಕ್ಕೆ ಗೊಬ್ಬರವಾಗುವುದು.

2025ರಲ್ಲಿ ನಾವು ಪುನಃ ಅಲ್ಲಿಗೆ ಹೋದಾಗ ಆ ಯಂತ್ರವು ಮೂರನೆಯ ಬೇಸಗೆಯನ್ನು ಕಾಣುತ್ತಿದ್ದಿತು. ಬೆಲ್ಟೊಂದನ್ನು ಬದಲಾಯಿಸಿದುದರ ಹೊರತು ಬೇರೆ ರಿಪೇರಿ ಆಗಿರಲಿಲ್ಲ. ಬಣ್ಣವು ಮಾಸಿದೆ. ಪ್ರತಿ ವರ್ಷ ವಸಂತದ ಮೊದಲ ದಿನ ಯಂತ್ರವನ್ನು ಹೊರತೆಗೆದಾಗ ನಮ್ಮ ಮಗನು ಅಲಗುಗಳನ್ನು ತಿರುಗಿಸಿ, ಪೀಠದಿಂದ ಒಮ್ಮೆ ಎದ್ದು ನೋಡಿ, ಎಂಜಿನು ನಿಂತ ಮೇಲೆಯೇ ಕೆಲಸಕ್ಕೆ ತೊಡಗುತ್ತಾನೆ. ಏಳನೆಯ ವಯಸ್ಸಿಗೆ ಕಾಲಿಡುತ್ತಿರುವ ಮೊಮ್ಮಗಳು ಕಿಟಕಿಯ ಗಾಜಿನ ಹಿಂದೆ ನಿಂತು ಕೈ ಬೀಸುತ್ತಾಳೆ. ಹಳ್ಳದ ದಂಡೆಯಲ್ಲಿ ನೆಟ್ಟ ಸಸಿಗಳು ಅವಳ ಎತ್ತರವನ್ನು ಮೀರಿವೆ.