ಪ್ರೊಬಯಾಟಿಕ್ ಮತ್ತು ‘ಇಮ್ಯೂನಿಟಿ’: ನಂಬಿದ್ದು, ನಡೆಯುವುದು

ತಪ್ಪು ಕಲ್ಪನೆ: ಪ್ರೊಬಯಾಟಿಕ್ (ಆರೋಗ್ಯಕ್ಕೆಂದು ತೆಗೆದುಕೊಳ್ಳುವ ಜೀವಂತ ಸೂಕ್ಷ್ಮಜೀವಿಗಳು) ಸೇವಿಸಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ.

ಸತ್ಯ: ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕವೇ ಇಲ್ಲಿ ತಪ್ಪು. ಅಸ್ತಮಾ, ಸೋರಿಯಾಸಿಸ್, ಕ್ರೋನ್ಸ್ ಕಾಯಿಲೆಗಳಲ್ಲಿ ಕಾಟ ಕೊಡುವುದು ಸೋತ ರೋಗನಿರೋಧಕ ವ್ಯವಸ್ಥೆಯಲ್ಲ, ವಿನಾಕಾರಣ ಕೆರಳಿದ ವ್ಯವಸ್ಥೆ. ಕರುಳಿನ ಗೋಡೆಯುದ್ದಕ್ಕೂ ರೋಗನಿರೋಧಕ ಕೋಶಗಳು ಕಿಕ್ಕಿರಿದಿವೆ. ಅವುಗಳಿಗೆ ದಿನವಿಡೀ ಎದುರಾಗುವುದು ನಾವು ತಿಂದ ಅನ್ನ, ಜೊತೆಗೆ ಲಕ್ಷ ಕೋಟಿಗಟ್ಟಲೆ ನಿರುಪದ್ರವಿ ಬ್ಯಾಕ್ಟೀರಿಯಾ. ಕಂಡದ್ದಕ್ಕೆಲ್ಲ ಮುಗಿಬಿದ್ದರೆ ಮೊದಲು ಹಾಳಾಗುವುದು ನಮ್ಮ ಕರುಳೇ. ಹಾಗಾಗಿ ಸುಮ್ಮನಿರುವುದನ್ನೂ ಈ ಕೋಶಗಳು ಕಲಿಯಬೇಕು.

ಆ ಪಾಠ ಹೀಗೆ ನಡೆಯುತ್ತದೆ. ಡೆಂಡ್ರಿಟಿಕ್ ಕೋಶಗಳು ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ತುಣುಕುಗಳನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ತೋರಿಸುವಾಗ ಸಿಗುವ ರಾಸಾಯನಿಕ ಸಂಕೇತಗಳ ಮೇಲೆ ಟಿ ಕೋಶ ಹೋರಾಟಕ್ಕಿಳಿಯುತ್ತದೋ, ಹೋರಾಟವನ್ನು ತಡೆಯುವ ನಿಯಂತ್ರಕ ಕೋಶವಾಗುತ್ತದೋ ನಿರ್ಧಾರವಾಗುತ್ತದೆ. ಇನ್ನೊಂದು ದಾರಿಯೂ ಉಂಟು. ನಮಗೆ ಜೀರ್ಣವಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಹೊರಬಿಡುತ್ತವೆ. ಇದು ಇಲಿಗಳಲ್ಲಿ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತದೆಂದು 2013ರಲ್ಲಿ ಜಪಾನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ತೋರಿಸಿಕೊಟ್ಟವು. ಅದಕ್ಕೂ ಮೊದಲು, 2009ರಲ್ಲಿ, ಇಲಿಯ ಸಣ್ಣ ಕರುಳಿಗೆ ಅಂಟಿಕೊಳ್ಳುವ ಮತ್ತೊಂದು ಜಾತಿಯ ಬ್ಯಾಕ್ಟೀರಿಯಾ ನೇರ ವಿರುದ್ಧ ಕೆಲಸ ಮಾಡಿ, ಉರಿಯೂತ ತರಬಲ್ಲ ಟಿಎಚ್-17 ಕೋಶಗಳನ್ನು ಎಬ್ಬಿಸುವುದು ಕಂಡುಬಂದಿತ್ತು. ಒಂದು ತಣಿಸುತ್ತದೆ, ಒಂದು ಕೆರಳಿಸುತ್ತದೆ. ‘ಇಮ್ಯೂನಿಟಿ ಬೂಸ್ಟರ್’ ಎಂಬ ಲೇಬಲ್ ಇದರಲ್ಲಿ ಯಾವುದನ್ನು ಹೇಳುತ್ತಿದೆಯೋ!

ತಪ್ಪು ಕಲ್ಪನೆ: ಯಾವ ಪ್ರೊಬಯಾಟಿಕ್ ಆದರೂ ಒಂದೇ, ಗುಣವಾಗದಿದ್ದರೂ ಕೆಡುಕಂತೂ ಇಲ್ಲ.

ಸತ್ಯ: ಗುಣ ತಳಿಗೆ ಸೇರಿದ್ದು, ‘ಪ್ರೊಬಯಾಟಿಕ್’ ಎಂಬ ಹೆಸರಿಗಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಆಹಾರವಾಗುವ ನಾರಿನೊಂದಿಗೆ 7 ದಿನ ಕೊಟ್ಟಾಗ, ನಂಜು ಅಥವಾ ಸಾವಿಗೀಡಾದ ಶಿಶುಗಳ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಅಗ್ಗದ ಉಪಾಯವೊಂದು ಇಷ್ಟು ಫಲ ಕೊಡುವುದು ಅಪರೂಪ. ಆದರೆ ಆ ಶಿಶುಗಳು ಆರೋಗ್ಯವಾಗಿ ಹುಟ್ಟಿ ತಾಯಿಹಾಲು ಕುಡಿಯುತ್ತಿದ್ದವು. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದ ರೋಗಿಗಳಿಗೆ ಆರು ತಳಿಗಳ ಮಿಶ್ರಣ ಕೊಟ್ಟಾಗ ಸತ್ತವರು ಶೇ 16. ಕೊಡದ ಗುಂಪಿನಲ್ಲಿ ಶೇ 6. ಅದು 2008ರ ವರದಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಪ್ರೊಬಯಾಟಿಕ್ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ನೀಡಿತು.

ತಪ್ಪು ಕಲ್ಪನೆ: ಹುದುಗು ಬಂದದ್ದೆಲ್ಲ ಪ್ರೊಬಯಾಟಿಕ್.

ಸತ್ಯ: ಇಡ್ಲಿ ಹಿಟ್ಟನ್ನು ಉಬ್ಬಿಸಿದ ಬ್ಯಾಕ್ಟೀರಿಯಾಗಳು ಹಬೆಯಲ್ಲಿ ಸಾಯುತ್ತವೆ. ಆರಿದ ರಾಗಿ ಅಂಬಲಿಗೆ ಬೆರೆಸಿದ ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾಗಳು ಜೀವಂತ. ಆದರೂ ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂಬುದು ಗೊತ್ತಿರುವುದಿಲ್ಲವಾದ್ದರಿಂದ ವಿಜ್ಞಾನದ ವ್ಯಾಖ್ಯೆಯಲ್ಲಿ ಮೊಸರು ಪ್ರೊಬಯಾಟಿಕ್ ಅನ್ನಿಸಿಕೊಳ್ಳದು. ಹಾಗೆಂದು ಅದನ್ನು ಬಿಡಬೇಕಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಸಣ್ಣ ಅಧ್ಯಯನದಲ್ಲಿ, ಮೊಸರಿನಂಥ ಹುದುಗಿದ ಆಹಾರವನ್ನು ಕೆಲವು ವಾರ ಹೆಚ್ಚು ತಿಂದವರ ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೊಟೀನ್‌ಗಳು ಇಳಿದಿದ್ದವು.

ಆರೋಗ್ಯವಂತರು ಮಜ್ಜಿಗೆ, ಕಾಳು, ಸೊಪ್ಪು ತಿಂದುಕೊಂಡಿದ್ದರೆ ಸಾಕು. ಕೀಮೋಥೆರಪಿಯಲ್ಲಿರುವವರಿಗೆ, ಐಸಿಯುನಲ್ಲಿರುವವರಿಗೆ, ದಿನ ತುಂಬದೆ ಹುಟ್ಟಿದ ಕೂಸಿಗೆ ಮಾತ್ರ ವೈದ್ಯರನ್ನು ಕೇಳದೆ ಪ್ರೊಬಯಾಟಿಕ್ ಪುಡಿ, ಮಾತ್ರೆ ಕೊಡಬೇಡಿ.